ಹದ್ದು ಮೀರಿದ ಹದ್ದಿನ ಫೋಟೋ!

ಕಾರವಾರದ ಬೈತಖೋಲದಿಂದ ಭಟ್ಕಳದ ಬಂದರದವರೆಗೆ ಕರಾವಳಿಯ ಹುಡುಗರಿಗೆ ಹೊಸ ಹುಚ್ಚೊಂದು ಹಿಡಿದಿದೆ. ಕುತ್ತಿಗೆಯಲ್ಲಿ ಕ್ಯಾಮೆರಾ, ಬೆನ್ನಿಗೆ ಚೀಲ, ಕಣ್ಣು ಆಕಾಶದಲ್ಲಿ! ಮದುವೆ ಮನೆಯಲ್ಲಿ ಬೀಗರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದವರು, ಮೊಬೈಲ್ ಅಂಗಡಿಯಲ್ಲಿ ಕೂತವರು, ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವವರು, ಎಲ್ಲರೂ ರಜೆ ಬಂತೆಂದರೆ ಕಡಲ ಹದ್ದಿನ ಬೆನ್ನು ಹತ್ತುತ್ತಿದ್ದಾರೆ.

ತಪ್ಪೇನೂ ಇಲ್ಲ. ಇಸ್ಪೀಟು, ಓಸಿ, ಮಟ್ಕಾಗಳಿಗಿಂತ ಇದು ನೂರು ಪಾಲು ಮೇಲು. ನಮ್ಮೂರ ಹಕ್ಕಿಯನ್ನು ನಮ್ಮೂರ ಹುಡುಗರೇ ತಲೆಯೆತ್ತಿ ನೋಡುವಂತಾಯಿತಲ್ಲ ಎಂದು ಸಂತೋಷಪಡಬೇಕಾದ ವಿಷಯ. ಆದರೆ ಕಲಿಯುವ ಅವಸರದಲ್ಲಿ ಕೆಲವರು ಗೂಡಿನ ಮರಕ್ಕೇ ಲಗ್ಗೆ ಹಾಕುತ್ತಾರೆ. ಮದುವೆಗೆಂದು ತಂದ ಡ್ರೋನನ್ನು ಗೂಡಿನ ನೆತ್ತಿಗೆ ಹಾರಿಸುತ್ತಾರೆ. ಕೂತ ಹದ್ದು ಹಾರುವ ಪಟ ಬೇಕೆಂದು ಕಲ್ಲು ಬೀಸುತ್ತಾರೆ. ಮೀನಿನ ಹೊಟ್ಟೆಗೆ ಗಾಳಿ ತುಂಬಿ, ಅಥವಾ ಥರ್ಮಾಕೋಲು ಸಿಕ್ಕಿಸಿ, ನೀರಿನ ಮೇಲೆ ತೇಲಿಬಿಟ್ಟು ಹದ್ದಿಗೆ ಬಲೆ ಬೀಸುವ ವಿದ್ಯೆಯೂ ಫೋಟೋ ಲೋಕದಲ್ಲಿ ಹಳೆಯದೇ.

ಗರುಡ ಕಂಡರೆ ಕೈ ಮುಗಿಯುವ ನಾಡು ಇದು. ಹಾಗಿರುವಾಗ ಈ ಹುಡುಗರಿಗೆ ಸರಿದಾರಿ ಹೇಳಿಕೊಡುವವರು ಯಾರು? ಪ್ರಶ್ನೆ ಇರುವುದು ಇಲ್ಲಿ.

ಯಾವುದು ಗರುಡ, ಯಾವುದು ಹದ್ದು?

ಮೊದಲು ಹಕ್ಕಿಯ ಗುರುತಾಗಬೇಕು. ಮೀನು ಪೇಟೆಯ ಮೇಲೆ ಗಿರಕಿ ಹೊಡೆಯುವುದೆಲ್ಲ ಕಡಲ ಹದ್ದಲ್ಲ. ಬಿಳಿ ತಲೆ, ಕೆಂಗಂದು ರೆಕ್ಕೆಯದು ಗರುಡ. ಇಡೀ ಮೈ ಕಂದು, ಬಾಲದ ತುದಿ ಕವಲಾಗಿರುವುದು ಊರ ಹದ್ದು. ಕಡಲ ಹದ್ದು ಇವೆರಡಕ್ಕಿಂತ ದೊಡ್ಡ ಆಸಾಮಿ. ತಲೆ, ಎದೆ, ಹೊಟ್ಟೆ ಬಿಳಿ, ಬೆನ್ನು, ರೆಕ್ಕೆ ಬೂದಿ ಬಣ್ಣ, ಬಾಲ ಗಿಡ್ಡ. ಎರಡೂ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು 6ರಿಂದ 7 ಅಡಿ! ತೇಲುವಾಗ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿಯುತ್ತದೆ. ಇಷ್ಟು ನೋಡಿದರೆ ದೂರದಿಂದಲೇ ಗುರುತು ಸಿಗುತ್ತದೆ.

ಮರಿ ಹದ್ದು ಕಂದು ಬಣ್ಣದ್ದು. ಅದಕ್ಕೆ ಅಪ್ಪ-ಅಮ್ಮನ ಬಿಳಿ ಅಂಗಿ ಪೂರಾ ಬರಲು ನಾಲ್ಕೈದು ವರ್ಷವೇ ಬೇಕು. ಹೊಸಬರು ಮೋಸ ಹೋಗುವುದು ಇಲ್ಲೇ. ಮರಿ ಹದ್ದನ್ನು ಎದುರಿಗೆ ಇಟ್ಟುಕೊಂಡು, ಇದು ಊರ ಹದ್ದು ಎಂದು ಕ್ಯಾಮೆರಾ ಚೀಲಕ್ಕೆ ಹಾಕಿ ಮನೆಗೆ ಬರುತ್ತಾರೆ!

ಮೀನು ಇದರ ಮುಖ್ಯ ಆಹಾರ. ಕಡಲ ಹಾವೂ ಆಗುತ್ತದೆ. ನೀರಿನೊಳಗೆ ಮುಳುಗುವ ಜಾತಿ ಇದಲ್ಲ. ಮೇಲಿಂದ ಇಳಿದು, ಕಾಲು ಚಾಚಿ, ನೀರಿನ ಮೇಲ್ಮೈಯಿಂದಲೇ ಎತ್ತಿಕೊಂಡು ಹೋಗುತ್ತದೆ. ಹುಡುಗರಿಗೆಲ್ಲ ಬೇಕಾಗಿರುವುದು ಈ ಒಂದು ಕ್ಷಣದ ಪಟ.

ಮೀನು ಪೇಟೆಯೇ ಪಾಠಶಾಲೆ

ಆ ಒಂದು ಕ್ಷಣಕ್ಕೆ ಕೈ ಪಳಗಬೇಕಲ್ಲ? ಪಳಗಿಸಿಕೊಳ್ಳಲು ಕಡಲ ಹದ್ದೇ ಆಗಬೇಕೆಂದಿಲ್ಲ. ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ದೋಣಿ ದಡಕ್ಕೆ ಬಂದ ಹೊತ್ತಿಗೆ ಗರುಡ, ಊರ ಹದ್ದುಗಳು ತಾವಾಗಿಯೇ ಬರುತ್ತವೆ. ಮೀನಿಗೆ ಇಳಿಯುತ್ತವೆ, ಎತ್ತುತ್ತವೆ, ತಮ್ಮತಮ್ಮಲ್ಲೇ ಕಿತ್ತಾಡುತ್ತವೆ. ಟಿಕೆಟ್ ಇಲ್ಲದ ಸರ್ಕಸ್ಸು! ಇಲ್ಲಿ ಒಂದು ತಿಂಗಳು ನಿಂತವನಿಗೆ ಯಾವ ತರಬೇತಿ ಶಿಬಿರವೂ ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಪಾಠಶಾಲೆಗೂ ರಜೆ ಎಂದುಕೊಂಡರಾಯಿತು.

ಮದುವೆ ಫೋಟೋದಲ್ಲಿ ಕಲಿತದ್ದು ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಕ್ಕಿ ಮದುಮಗಳ ಹಾಗೆ ನಿಂತುಕೊಳ್ಳುವುದಿಲ್ಲ. ರೆಕ್ಕೆ ಮಸುಕಾಗದೆ ಸಿಗಬೇಕಾದರೆ ಶಟರ್ 1/2000 ಸೆಕೆಂಡಿನ ಆಸುಪಾಸು ಇರಬೇಕು. ಫೋಕಸ್ಸು ಹಕ್ಕಿಯ ಜೊತೆಗೇ ಓಡುತ್ತಿರಬೇಕು. ಬಿಳಿ ಪಂಚೆಯ ವರನ ಪಟ ತೆಗೆದು ಅಭ್ಯಾಸವಿದ್ದವರಿಗೆ ಬಿಳಿ ಹೊಟ್ಟೆಯ ಕಷ್ಟ ಬೇಗ ಅರ್ಥವಾಗುತ್ತದೆ. ಬೆಳ್ಳನೆಯ ಆಕಾಶದ ಎದುರು ಕ್ಯಾಮೆರಾ ಮೋಸ ಹೋಗಿ ಹದ್ದನ್ನು ಕಾಗೆ ಮಾಡುತ್ತದೆ. ಆಗ ಬೆಳಕು ಹೆಚ್ಚಿಸಬೇಕು. ಹಸಿರು ಗುಡ್ಡದ ಎದುರು ಹೊಟ್ಟೆಯ ಬಿಳಿ ಸುಟ್ಟ ಸುಣ್ಣದಂತೆ ಹರಡಿಕೊಳ್ಳುತ್ತದೆ, ಆಗ ತಗ್ಗಿಸಬೇಕು.

ಗಾಳಿಯ ಗುಟ್ಟು

ಇನ್ನೊಂದು ಗುಟ್ಟು ನಮ್ಮ ಮೀನುಗಾರರ ಬಳಿ ಇದೆ. ಮಳೆಗಾಲ ಮುಗಿದ ಮೇಲೆ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ಹಾಯಿ ದೋಣಿಯ ಕಾಲದಲ್ಲಿ ಹಿರಿಯರು ಬೆಳಗಿನ ಗಾಳಿಗೆ ಹೊರಟು, ಮಧ್ಯಾಹ್ನದ ಗಾಳಿಗೆ ಮರಳುತ್ತಿದ್ದದ್ದು ಈ ಲೆಕ್ಕದಲ್ಲೇ.

ಇದಕ್ಕೂ ಹದ್ದಿಗೂ ಏನು ಸಂಬಂಧ? ದೊಡ್ಡ ಹಕ್ಕಿ ಹಾರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಬೆಳಿಗ್ಗೆ ಗಾಳಿಯೂ ಮೂಡಲಿನಿಂದ, ಸೂರ್ಯನೂ ಮೂಡಲಲ್ಲಿ. ಅಂದರೆ ಇಳಿಯುವ ಹದ್ದಿನ ಮುಖಕ್ಕೆ ನೇರ ಬಿಸಿಲು! ಸೂರ್ಯನಿಗೆ ಬೆನ್ನು ಹಾಕಿ ಕಡಲ ಕಡೆ ಮುಖ ಮಾಡಿ ನಿಂತವನ ಎದುರಿಗೇ ಅದು ಬರುತ್ತದೆ. ಸಂಜೆ ಗಾಳಿಯೂ ಸೂರ್ಯನೂ ಪಡುವಣಕ್ಕೆ ಹೋದವು. ಆಗ ಕಡಲಿಗೆ ಬೆನ್ನು ಹಾಕಿ ಮರಗಳ ಕಡೆ ತಿರುಗಿದರಾಯಿತು. ನಡು ಮಧ್ಯಾಹ್ನ ಮರಳಿನ ಮೇಲಿನ ಬಿಸಿ ಗಾಳಿ ಪಟವನ್ನು ನಡುಗಿಸುತ್ತದೆ. ಆ ಹೊತ್ತು ಊಟ ಮಾಡಿ ಮಲಗುವುದೇ ಮೇಲು.

ಇಷ್ಟು ತಿಳಿದವನಿಗೆ ಹದ್ದನ್ನು ಅಟ್ಟಿಕೊಂಡು ಹೋಗುವ ಅಗತ್ಯವೇ ಬೀಳುವುದಿಲ್ಲ. ಅದು ದಿನಾ ಕೂರುವ ಕೊಂಬೆ, ಬಲೆ ಕಟ್ಟುವ ಗೂಟ, ಮೀನು ಹಿಡಿಯುವ ಅಳಿವೆ, ಇವು ಗೊತ್ತಾದರೆ ದೂರದಲ್ಲಿ ಕಾದು ಕೂತರೆ ಸಾಕು. ಕೂತ ಹದ್ದು ಮುಂದಕ್ಕೆ ಬಾಗಿ, ಹಿಕ್ಕೆ ಹಾಕಿತು ಅಂದರೆ ಇನ್ನೇನು ಹಾರುತ್ತದೆ ಎಂದೇ ಲೆಕ್ಕ. ಬೆರಳು ತಯಾರಿರಬೇಕು!

ಗೂಡಿಗೆ ಹೋದರೆ ಏನಾಗುತ್ತದೆ?

"ದೂರದಿಂದ ತೆಗೆದರೆ ಎಂತ ಕಾಣ್ತದೆ ಮಾರಾಯ, ಗೂಡಿನ ಹತ್ತಿರವೇ ಹೋಗುವ" ಎನ್ನುವವರಿಗೆ ಒಂದಿಷ್ಟು ಲೆಕ್ಕ ಹೇಳಬೇಕು.

ನಮ್ಮ ಕರಾವಳಿಯಲ್ಲಿ ಕಡಲ ಹದ್ದು ಗೂಡಿಗೆ ಕೂರುವುದು ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಸುಮಾರಿಗೆ. ಎತ್ತರದ ಮರದಲ್ಲಿ ಕಟ್ಟಿಗೆಯ ದೊಡ್ಡ ಅಟ್ಟ. ಅದೇ ಅಟ್ಟಕ್ಕೆ ವರ್ಷ ವರ್ಷವೂ ಹೊಸ ಕಟ್ಟಿಗೆ ಸೇರಿಸಿ ಮತ್ತೆ ಬಳಸುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಆರು ವಾರ. ಮರಿ ಹಾರಲು ಇನ್ನೂ ಎರಡು ತಿಂಗಳ ಮೇಲೆ. ಅಂದರೆ ಒಂದು ಜೋಡಿ ಹದ್ದಿನ ನಾಲ್ಕು ತಿಂಗಳ ದುಡಿಮೆ ಒಂದೇ ಮರದ ಮೇಲೆ ನಿಂತಿದೆ. ಇತ್ತ ಮದುವೆ ಸೀಜನ್ನು, ಪ್ರವಾಸಿಗರ ಸೀಜನ್ನು, ರಜೆ, ಎಲ್ಲವೂ ಅದೇ ತಿಂಗಳುಗಳಲ್ಲಿ!

ಮರದ ಬುಡಕ್ಕೆ ಜನ ಬಂದರೆ ತಾಯಿ ಹದ್ದು ಎದ್ದು ಹೋಗುತ್ತದೆ. ಅದು ಮೇಲೆ ಸುತ್ತು ಹಾಕುತ್ತ ಕೂಗುವುದನ್ನೇ ಹುಡುಗರು ‘ಒಳ್ಳೇ ಆಕ್ಷನ್ನು’ ಎಂದು ಕ್ಲಿಕ್ಕಿಸುತ್ತಾರೆ. ಅತ್ತ ಮೊಟ್ಟೆ ಬಿಸಿಲಿಗೆ ಕಾಯುತ್ತಿರುತ್ತದೆ. ಕಾಗೆ ಹೊಂಚು ಹಾಕುತ್ತಿರುತ್ತದೆ. ಗೂಡು ಕಟ್ಟಿದ ಹೊಸತರಲ್ಲಿ ಪದೇ ಪದೇ ಕಿರುಕುಳವಾದರೆ ಈ ಹಕ್ಕಿ ಗೂಡನ್ನೇ ಬಿಟ್ಟು ಹೋಗುವುದುಂಟು. ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು. ಒಂದು ಫೋಟೋಕ್ಕೆ ಎರಡು ಮೊಟ್ಟೆಯ ಬೆಲೆ!

ಅನಾಹುತ ಒಬ್ಬನಿಂದಲೇ ಮುಗಿಯುವುದೂ ಇಲ್ಲ. ಮೊಬೈಲಿನಲ್ಲಿ ತೆಗೆದ ಪಟದೊಳಗೆ ಜಾಗದ ಗುರುತೂ ಸೇರಿಕೊಂಡಿರಬಹುದು. ಅದರ ಜೊತೆಗೆ ಊರಿನ ಹೆಸರು, ಮರದ ಗುರುತು ಹಾಕಿ ವಾಟ್ಸಾಪಿಗೆ ಬಿಟ್ಟರೆ ಮುಂದಿನ ಭಾನುವಾರ ಮರದ ಬುಡದಲ್ಲಿ ಜಾತ್ರೆ.

ಹಳಬರೂ ಗೂಡಿನ ಎದುರು ಮರೆ ಕಟ್ಟಿ ಕೂತಿದ್ದರಲ್ಲ ಎಂದು ಕೇಳುವವರಿದ್ದಾರೆ. ಹೌದು, ಕೂತಿದ್ದರು. ಆ ಕಾಲದಲ್ಲಿ ಅದು ಪದ್ಧತಿಯಾಗಿತ್ತು. ಆಗ ರೋಲಿಗೆ 36 ಫೋಟೋ, ಲೆನ್ಸೂ ಗಿಡ್ಡ. ಇವತ್ತಿನ ಕ್ಯಾಮೆರಾ ಒಂದು ಸೆಕೆಂಡಿಗೆ ಹತ್ತಿಪ್ಪತ್ತು ಪಟ ತೆಗೆಯುತ್ತದೆ. ದೊಡ್ಡ ಲೆನ್ಸು ದಿನ ಬಾಡಿಗೆಗೆ ಸಿಗುತ್ತದೆ. ಗೂಡಿನ ಹತ್ತಿರ ಹೋಗಲು ಅಂದು ಇದ್ದ ನೆಪ ಇಂದು ಉಳಿದಿಲ್ಲ.

ಕಾನೂನಿನ ಕಣ್ಣಲ್ಲಿ ಇದೂ ಬೇಟೆ

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂದು ಕರೆಯುವುದು ಗುಂಡು ಹೊಡೆಯುವುದನ್ನು ಮಾತ್ರ ಅಲ್ಲ. ಕಾಡುಪ್ರಾಣಿಯನ್ನು ಅಟ್ಟುವುದು, ಆಮಿಷ ಒಡ್ಡುವುದು, ಹಾಗೆ ಮಾಡಲು ಯತ್ನಿಸುವುದು, ಎಲ್ಲವೂ ಆ ಪದದೊಳಗೆ ಬರುತ್ತದೆ. ಕಾಡುಹಕ್ಕಿಯ ಗೂಡನ್ನೋ ಮೊಟ್ಟೆಯನ್ನೋ ಕೆಡಿಸುವುದು, ಕಲಕುವುದು ಕೂಡ ಅಷ್ಟೇ. ಮರ ಅರಣ್ಯದಲ್ಲಿರಲಿ, ಯಾರದೋ ತೋಟದಲ್ಲಿರಲಿ, ವ್ಯತ್ಯಾಸವಿಲ್ಲ.

ಬಿಳಿ ಹೊಟ್ಟೆಯ ಕಡಲ ಹದ್ದು ಒಂದನೇ ಪರಿಶಿಷ್ಟದ ಹಕ್ಕಿ. ಅಂಥದರ ಬೇಟೆ ಸಾಬೀತಾದರೆ 3 ವರ್ಷಕ್ಕೆ ಕಡಿಮೆ ಇಲ್ಲದ, 7 ವರ್ಷದವರೆಗಿನ ಸಜೆ. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25 ಸಾವಿರ ರೂಪಾಯಿ. ಅಭಯಾರಣ್ಯದೊಳಗೆ ಫೋಟೋಕ್ಕೆ ಪರವಾನಗಿ ಕೊಡುವಾಗಲೂ ನೆಲೆಗೆ, ಪ್ರಾಣಿಗೆ ಕೆಡುಕಾಗಬಾರದೆಂಬ ಮಾತನ್ನು ಅದೇ ತಿದ್ದುಪಡಿ ಸೇರಿಸಿದೆ.

ಮನೆಯವರಿಂದ ಸಾಲ ಮಾಡಿಸಿ ಕ್ಯಾಮೆರಾ ಕೊಂಡ ಹುಡುಗನಿಗೆ ಈ ವಿಷಯ ಹೇಳಿದವರು ಯಾರು? ಕ್ಯಾಮೆರಾ ಮಾರಿದವರು ಹೇಳಲಿಲ್ಲ. ಲೈಕು ಒತ್ತಿದವರು ಹೇಳಲಿಲ್ಲ. ಬಹುಮಾನ ಕೊಟ್ಟವರಾದರೂ ಈ ಪಟ ಹೇಗೆ ಸಿಕ್ಕಿತು ಎಂದು ಕೇಳಿದರೇ? ಅರಿವಿಲ್ಲದೆ ಮಾಡಿದೆ ಎಂದರೆ ಕೋರ್ಟು ಬಿಡುವುದಿಲ್ಲ.

ಹೋಮರ್ ಊರಿನ ಪಾಠ

ಬಂದರದಲ್ಲಿ ಮೀನು ಹಾಕಿ ಹದ್ದು ಕರೆಸಿದರೆ ಪ್ರವಾಸಿಗರು ಬರುತ್ತಾರೆ, ಅಂಗಡಿಗೆ ವ್ಯಾಪಾರವಾಗುತ್ತದೆ ಎಂಬ ವಾದವೂ ಉಂಟು. ತೆಗೆದುಹಾಕುವ ಮಾತಲ್ಲ. ಜಪಾನಿನ ಹೊಕ್ಕೈಡೊ ದ್ವೀಪದ ರೌಸು ಬಂದರದಿಂದ ಚಳಿಗಾಲದಲ್ಲಿ ದೋಣಿಗಳು ಹೊರಟು, ಮಂಜುಗಡ್ಡೆಯ ಮೇಲೆ ಮೀನು ಎಸೆದು ದೊಡ್ಡ ಹದ್ದುಗಳನ್ನು ತೋರಿಸುತ್ತವೆ.

ಆದರೆ ಅಮೆರಿಕದ ಅಲಾಸ್ಕದ ಹೋಮರ್ ಎಂಬ ಬಂದರು ಊರಿನ ಕತೆ ಬೇರೆ. ಅಲ್ಲಿ ಮೀನು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಜೀನ್ ಕೀನ್ ಎಂಬ ಹೆಂಗಸು ಉಳಿದ ಮೀನನ್ನು ವರ್ಷಗಟ್ಟಲೆ ಹದ್ದುಗಳಿಗೆ ಹಾಕಿದರು. ‘ಈಗಲ್ ಲೇಡಿ’ ಎಂಬ ಹೆಸರೇ ಬಂತು. ನೂರಾರು ಹದ್ದು ಸೇರಿದವು, ದೇಶದೇಶದಿಂದ ಫೋಟೋದವರು ಬಂದರು. ಊರಿನವರಲ್ಲಿ ಮಾತ್ರ ಎರಡು ಪಕ್ಷವಾಯಿತು. ಇಷ್ಟೊಂದು ಹದ್ದು ಒಂದೇ ಕಡೆ ಸೇರಿದರೆ ಉಳಿದ ಹಕ್ಕಿಗಳ ಗತಿ ಏನು ಎಂಬ ಕೂಗೆದ್ದಿತು. ಕೊನೆಗೆ 2006ರಲ್ಲಿ ಊರಿನ ಆಡಳಿತವೇ ಹದ್ದಿಗೆ ಮೀನು ಹಾಕುವುದನ್ನು ನಿಷೇಧಿಸಿತು. ಆಕೆಗೊಬ್ಬರಿಗೆ ಮಾತ್ರ 2010ರವರೆಗೆ ವಿನಾಯಿತಿ. ಆ ಗಡುವು ಬರುವ ಮೊದಲೇ, 2009ರಲ್ಲಿ, ಅವರು ತೀರಿಕೊಂಡರು.

ಪ್ರೀತಿಯಿಂದ ಹಾಕಿದ ಮೀನಿಗೇ ಅಲ್ಲಿ ಇಷ್ಟು ರಾಮಾಯಣವಾದರೆ, ಪಟದ ಆಸೆಗೆ ಗಾಳಿ ತುಂಬಿ ತೇಲಿಬಿಟ್ಟ ಮೀನಿನ ಪರಿಣಾಮ ಏನಾದೀತು? ವ್ಯಾಪಾರದ ಲೆಕ್ಕದಲ್ಲೇ ನೋಡುವುದಾದರೂ, ನೆಮ್ಮದಿಯಿಂದಿರುವ ಹದ್ದು ವರ್ಷ ವರ್ಷವೂ ಅದೇ ಮರಕ್ಕೆ ಬರುತ್ತದೆ. ಅದನ್ನು ನೋಡಲು ಬಂದವರು ಚಾ ಕುಡಿಯುತ್ತಾರೆ, ಊಟ ಮಾಡುತ್ತಾರೆ, ದೋಣಿ ಬಾಡಿಗೆ ಕೊಡುತ್ತಾರೆ. ಗೂಡು ಬಿಟ್ಟುಹೋದ ಹದ್ದಿನಿಂದ ಯಾರಿಗೂ ಒಂದು ಪೈಸೆ ಹುಟ್ಟುವುದಿಲ್ಲ.

ಆಗಬೇಕಾದದ್ದು

ಹುಡುಗರನ್ನು ಬೈದು ಪ್ರಯೋಜನವಿಲ್ಲ. ಕೇಸು ಜಡಿದು ಹೆದರಿಸುವುದೂ ಕಡೆಯ ಮಾತು. ಅರಣ್ಯ ಇಲಾಖೆಯವರು ಗೂಡಿನ ಮರಗಳನ್ನು ಗುರುತಿಸಿ, ಅಕ್ಟೋಬರಿನಿಂದ ಮಾರ್ಚಿಯವರೆಗಾದರೂ ಬೀಟಿನ ಗಾರ್ಡು ಅತ್ತ ಒಂದು ಸುತ್ತು ಹೋಗಿಬರುವಂತೆ ಮಾಡಲಿ. ತಿಂಗಳಿಗೊಂದು ಭಾನುವಾರ ಬಂದರದಲ್ಲೇ ಹೊಸಬರಿಗೆ ಪಾಠ ಇಡಲಿ. ಪಾಠ ಹೇಳಲು ದೊಡ್ಡ ಊರಿನಿಂದ ಪಂಡಿತರನ್ನು ಕರೆಸಬೇಕಿಲ್ಲ. ಹದ್ದು ಯಾವ ಗೂಟದ ಮೇಲೆ ಎಷ್ಟು ಹೊತ್ತಿಗೆ ಕೂರುತ್ತದೆ ಎಂಬುದನ್ನು ಕಡಲಿಗೆ ಹೋಗುವ ಮೀನುಗಾರರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಸ್ಪರ್ಧೆ ನಡೆಸುವ ಸಂಘಗಳವರು ಗೂಡಿನ ಪಟ, ಆಮಿಷದ ಪಟ ಬಂದರೆ ಪಕ್ಕಕ್ಕಿಡಲಿ. ಪತ್ರಿಕೆಗಳೂ ಅಂಥದನ್ನು ಅಚ್ಚು ಹಾಕದಿರಲಿ.

ಕ್ಯಾಮೆರಾ ಹಿಡಿದವರಿಗೆ ಬೇರೆ ನಿಯಮ ಪುಸ್ತಕ ಬೇಡ. ಹದ್ದು ತನ್ನ ಪಾಡಿಗೆ ಗರಿ ನೀವಿಕೊಳ್ಳುತ್ತಿದ್ದರೆ ದೂರ ಸರಿಯಾಗಿದೆ. ಅದು ಗರಿ ಬಿಟ್ಟು ನಿಮ್ಮನ್ನೇ ದಿಟ್ಟಿಸತೊಡಗಿದರೆ ಹತ್ತಿರ ಬಂದದ್ದು ಹೆಚ್ಚಾಯಿತು, ಎರಡು ಹೆಜ್ಜೆ ಹಿಂದೆ ಸರಿಯಬೇಕು. ಕೂಗತೊಡಗಿತೋ, ಕ್ಯಾಮೆರಾ ಇಳಿಸಿ ಅಲ್ಲಿಂದ ಹೊರಡಬೇಕು. ನಮ್ಮ ಬಸ್ಸು, ಲಾರಿಗಳ ಬೆನ್ನ ಮೇಲೆ ದಿನವೂ ಓದುತ್ತೇವಲ್ಲ, ‘ಅಂತರ ಕಾಯ್ದುಕೊಳ್ಳಿ’ ಎಂದು? ಹೆದ್ದಾರಿಯಲ್ಲಿ ಅದನ್ನು ಮರೆತವರ ಗತಿ ಎಲ್ಲರಿಗೂ ಗೊತ್ತು. ಹದ್ದಿನ ವಿಷಯದಲ್ಲಿ ಮರೆತರೆ ಪೆಟ್ಟು ಬೀಳುವುದು ಮಾತ್ರ ಮರೆತವರಿಗಲ್ಲ, ಗೂಡಿನಲ್ಲಿರುವ ಮರಿಗೆ.