ಕಾರಿನೊಳಗಿನ ಗುಡುಗಿಗೆ ಯಾರು ಹೊಣೆ?

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ ವಾರಾಂತ್ಯದಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಬಗೆಯ ಗಿರಾಕಿಗಳನ್ನು ಸುಲಭವಾಗಿ ಗುರುತಿಸಬಹುದು. ಕೈಯಲ್ಲೊಂದು ಚೀಟಿ, ಅದರಲ್ಲಿ ಹನ್ನೆರಡು ಇಂಚಿನ ವೂಫರ್, ಆಂಪ್ಲಿಫೈಯರ್, ಐದು ಮೀಟರ್ ದಪ್ಪ ತಂತಿ, ಹತ್ತಾರು ಸ್ಕ್ರೂ. ಅಲ್ಲಿ ಸಿಗದ್ದನ್ನು ಹುಡುಕಿಕೊಂಡು ಅವರು ಜೆ.ಸಿ. ರಸ್ತೆಗೆ ಹೋಗುತ್ತಾರೆ. ಮರುದಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಮನೆಯ ಮುಂದಿನ ಓಣಿಯಲ್ಲೋ ಹಲಗೆ ಕೊಯ್ಯುವ ಸದ್ದು ಏಳುತ್ತದೆ. ತಮ್ಮ ಕಾರಿನ ಡಿಕ್ಕಿಗೆ ತಾವೇ ಸಬ್‌ವೂಫರ್ ಕಟ್ಟಿಕೊಳ್ಳುವ ಯುವಕರು ಇವರು. ಮನೆಯ ಹಿರಿಯರಿಗೆ ಇದು ದುಂದು, ನೆರೆಯವರಿಗೆ ಉಪದ್ರವ, ಪೊಲೀಸರಿಗೆ ಪುಂಡಾಟ. ಈ ಮೂರು ತೀರ್ಪುಗಳಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಇಡೀ ಹವ್ಯಾಸವನ್ನು ಹೀಗಳೆದು ಕೈತೊಳೆದುಕೊಳ್ಳುವುದರಿಂದ ನಾವು ಕಳೆದುಕೊಳ್ಳುವುದೂ ಉಂಟು.

ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸುತ್ತದೆ. ಇದರಲ್ಲಿ ಸುಮಾರು ನೂರು ಹರ್ಟ್ಜ್‌ಗಿಂತ ಕೆಳಗಿನ ಮಂದ್ರ ಭಾಗವನ್ನಷ್ಟೇ ನುಡಿಸುವುದು ಸಬ್‌ವೂಫರ್‌ನ ಕೆಲಸ. ಡೊಳ್ಳಿನ ಪೆಟ್ಟು ಕಿವಿಯ ಜತೆಗೆ ಎದೆಗೂ ತಾಗುತ್ತದಲ್ಲ, ಆ ಅನುಭವವನ್ನು ಕಾರಿನ ಬಾಗಿಲಿನ ಪುಟ್ಟ ಸ್ಪೀಕರ್‌ಗಳು ಕೊಡಲಾರವು. ಅದಕ್ಕೆ ದೊಡ್ಡ ಕೋನು ಬೇಕು, ಅದರ ಹಿಂದೆ ಗಟ್ಟಿಯಾದ ಪೆಟ್ಟಿಗೆ ಬೇಕು. ಪೆಟ್ಟಿಗೆಯಿಲ್ಲದಿದ್ದರೆ ಕೋನಿನ ಮುಂಭಾಗ ಗಾಳಿಯನ್ನು ಒತ್ತಿದಾಗ ಹಿಂಭಾಗ ಗಾಳಿಯನ್ನು ಹೀರಿ, ಎರಡೂ ಸೇರಿ ಮಂದ್ರವನ್ನೇ ಅಳಿಸಿಹಾಕುತ್ತವೆ. ಹಾಗಾಗಿ ಈ ಕೆಲಸದ ಅರ್ಧದಷ್ಟು ಬಡಗಿಯದು. ಹದಿನೆಂಟು ಮಿಲಿಮೀಟರ್ ಎಂಡಿಎಫ್ ಹಲಗೆ, ಅಂಟು, ಸ್ಕ್ರೂ, ಗಾಳಿ ಸೋರದಂತೆ ಒಳಮೂಲೆಗಳಿಗೆ ಸಿಲಿಕಾನ್. ಹನ್ನೆರಡು ಇಂಚಿನ ವೂಫರ್ ಒಂದಕ್ಕೆ ಸಾಮಾನ್ಯವಾಗಿ ಮೂವತ್ತು ಲೀಟರ್ ಆಸುಪಾಸಿನ ಮುಚ್ಚಿದ ಪೆಟ್ಟಿಗೆ ಸಾಕಾಗುತ್ತದೆ.

ಆ ಲೀಟರುಗಳ ಲೆಕ್ಕ ಊಹೆಯದಲ್ಲ. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ವಿಸ್ತರಿಸಿದ ಸೂತ್ರಗಳು ಇದಕ್ಕೆ ಆಧಾರ. ಸ್ಪೀಕರ್ ತಾನಾಗಿ ಎಷ್ಟು ಹರ್ಟ್ಜ್‌ನಲ್ಲಿ ಕಂಪಿಸುತ್ತದೆ, ಅದರ ಅಮಾನತು ಎಷ್ಟು ಬಿಗಿ, ಎಷ್ಟು ಗಾಳಿಗೆ ಸಮ ಎಂಬ ಕೆಲವೇ ಅಂಕಿಗಳು ಗೊತ್ತಿದ್ದರೆ ಯಾವ ಗಾತ್ರದ ಪೆಟ್ಟಿಗೆಯಲ್ಲಿ ಅದು ಹೇಗೆ ನುಡಿದೀತೆಂದು ಹಲಗೆ ಕೊಯ್ಯುವ ಮೊದಲೇ ಹೇಳಬಹುದು. ಕಂಪನಿಗಳ ಪ್ರಯೋಗಶಾಲೆಯಲ್ಲಿ ಗುಟ್ಟಾಗಿ ಉಳಿಯಬಹುದಾಗಿದ್ದ ವಿದ್ಯೆ ಹೀಗೆ ಕಾಗದ, ಪೆನ್ಸಿಲ್ ಇದ್ದ ಯಾರ ಕೈಗೂ ಸಿಕ್ಕಿತು. ಎಂಜಿನಿಯರಿಂಗ್ ಸೀಟಿಗಾಗಿ ಲಕ್ಷಗಟ್ಟಲೆ ಸುರಿಯುವ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಮಗ ಬೆಸುಗೆ ಕಡ್ಡಿ ಹಿಡಿದರೆ ಮಾತ್ರ ಕಾಲಹರಣವೆನಿಸುತ್ತದೆ. ಓಮ್‌ನ ನಿಯಮವನ್ನು ಪರೀಕ್ಷೆಗಾಗಿ ಉರುಹೊಡೆದವನಿಗೂ, ನಾಲ್ಕು ಓಮ್‌ನ ಎರಡು ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿದರೆ ಎರಡು ಓಮ್, ಸರಣಿಯಲ್ಲಿ ಜೋಡಿಸಿದರೆ ಎಂಟು ಓಮ್ ಎಂಬುದನ್ನು ಆಂಪ್ಲಿಫೈಯರ್ ಸುಟ್ಟುಕೊಳ್ಳದೆ ಕಲಿತವನಿಗೂ ಬಹಳ ಅಂತರವಿದೆ.

ಆದರೆ ಇದೇ ವಿದ್ಯೆಯನ್ನು ಅರ್ಧಂಬರ್ಧ ಕಲಿತರೆ ಕಾರೇ ಹೊತ್ತಿಕೊಳ್ಳಬಹುದು. ಕಾರಿನದು ಹನ್ನೆರಡೇ ವೋಲ್ಟ್, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಅನೇಕರಲ್ಲಿದೆ. ಅಪಾಯ ಇರುವುದು ವೋಲ್ಟಿನಲ್ಲಲ್ಲ, ಆಂಪಿಯರ್‌ನಲ್ಲಿ. ನಿಜವಾಗಿ 500 ವ್ಯಾಟ್ ಕೊಡುವ, ಅರ್ಧದಷ್ಟು ಮಾತ್ರ ದಕ್ಷವಾದ ಆಂಪ್ಲಿಫೈಯರ್ ಪೂರ್ಣ ಬಲದಲ್ಲಿ ದುಡಿಯುವಾಗ ಬ್ಯಾಟರಿಯ ಕಡೆಯಿಂದ 70 ಆಂಪಿಯರ್‌ಗೂ ಹೆಚ್ಚು ಕರೆಂಟ್ ಎಳೆಯುತ್ತದೆ. ಮನೆಯ ವೈರಿಂಗ್‌ನಲ್ಲಿ ಉಳಿದ 4 ಚದರ ಮಿಲಿಮೀಟರ್ ತಂತಿಯನ್ನೇ ಇದಕ್ಕೆ ಎಳೆದರೆ ಐದು ಮೀಟರ್ ಉದ್ದದಲ್ಲಿ ನೂರು ವ್ಯಾಟ್‌ನಷ್ಟು ಶಕ್ತಿ ಬರಿಯ ಬಿಸಿಯಾಗಿ ಹೊಮ್ಮುತ್ತದೆ. ಹಳೆಯ ಕಾಲದ ನೂರು ಕ್ಯಾಂಡಲ್ ಬಲ್ಬೊಂದನ್ನು ಕಾರಿನ ಕಾರ್ಪೆಟ್ಟಿನ ಅಡಿ ಉರಿಯಲು ಬಿಟ್ಟಂತೆ. 20 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ತಂತಿಯಲ್ಲಿ ಈ ನಷ್ಟ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುವುದು ನಿಜ. ಆದರೆ ಅಲ್ಯೂಮಿನಿಯಂ ಕರೆಂಟ್ ಒಯ್ಯುವುದರಲ್ಲಿ ತಾಮ್ರದ ಮೂರನೇ ಎರಡರಷ್ಟೂ ಸಮವಲ್ಲ.

ಇನ್ನು ಫ್ಯೂಸ್. ಈ ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ವಸ್ತು ಅದು, ಮರೆತುಹೋಗುವುದೂ ಅದೇ. ಆಂಪ್ಲಿಫೈಯರ್ ಮೇಲೆಯೇ ಫ್ಯೂಸ್ ಇದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಅದು ಕಾಯುವುದು ಆಂಪ್ಲಿಫೈಯರನ್ನು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಹಾಯುವ ತಂತಿಯನ್ನು ಕಾಯಲು ಬ್ಯಾಟರಿಯ ಪಕ್ಕದಲ್ಲೇ, ಹೆಚ್ಚೆಂದರೆ ಒಂದೂವರೆ ಅಡಿ ದೂರದೊಳಗೆ, ಆ ತಂತಿ ತಾಳುವ ಮಿತಿಯ ಇನ್ನೊಂದು ಫ್ಯೂಸ್ ಬೇಕು. ಎಂಜಿನ್ ಕಡೆಯಿಂದ ಕಾರಿನೊಳಕ್ಕೆ ತಗಡು ಕೊರೆದು ತಂತಿ ದಾಟಿಸುವಲ್ಲಿ ರಬ್ಬರ್ ಬುಷ್ ಹಾಕದಿದ್ದರೆ ದಿನದಿನದ ಅದುರಾಟಕ್ಕೆ ತಂತಿಯ ಹೊದಿಕೆ ಸವೆಯುತ್ತದೆ. ಒಂದು ದಿನ ತಾಮ್ರ ತಗಡಿಗೆ ತಾಗುತ್ತದೆ. ಫ್ಯೂಸ್ ಇದ್ದರೆ ಅದು ಕ್ಷಣದಲ್ಲಿ ಕರಗಿ ಕಥೆ ಮುಗಿಯುತ್ತದೆ. ಇಲ್ಲದಿದ್ದರೆ ನೂರಾರು ಆಂಪಿಯರ್ ಹರಿದು ತಂತಿಯೇ ಕೆಂಡವಾಗುತ್ತದೆ. ಕಾರು ಕೀಲಿ ತೆಗೆದು ನಿಲ್ಲಿಸಿದ್ದರೂ ಇದು ನಡೆಯಬಲ್ಲದು, ಏಕೆಂದರೆ ಈ ತಂತಿ ಬ್ಯಾಟರಿಗೆ ನೇರವಾಗಿ ಕಟ್ಟಿದ್ದು. ನೂರಾರು ಕಾರುಗಳು ಒತ್ತೊತ್ತಾಗಿ ನಿಲ್ಲುವ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ಹೀಗಾದರೆ ಏನಾದೀತೆಂದು ವಿವರಿಸಬೇಕಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದ್ದು.

ಮಾರುಕಟ್ಟೆಯ ಜಾಹೀರಾತು ಈ ಅಜಾಗ್ರತೆಗೆ ತುಪ್ಪ ಸುರಿಯುತ್ತದೆ. ಪೆಟ್ಟಿಗೆಯ ಮೇಲೆ 1,500, 2,000 ವ್ಯಾಟ್ ಎಂದು ಅಚ್ಚಾಗಿರುವ ಆಂಪ್ಲಿಫೈಯರ್‌ನ ಫ್ಯೂಸ್ ನೋಡಿದರೆ ಅಲ್ಲಿರುವುದು 30 ಆಂಪಿಯರ್. ಅದನ್ನು 13.8 ವೋಲ್ಟಿನಿಂದ ಗುಣಿಸಿದರೆ ಒಳಹೋಗುವ ಶಕ್ತಿಯೇ 414 ವ್ಯಾಟ್; ಹೊರಬರುವುದು ಅದಕ್ಕಿಂತ ಕಡಿಮೆ. ಕೊಳ್ಳುವವರು ಜಾಹೀರಾತಿನ ಬದಲು ಫ್ಯೂಸನ್ನು ಓದಿದರೆ ಸಾಕು, ನಿಜ ಹೊರಬೀಳುತ್ತದೆ. ಅಲ್ಲದೆ ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು ಮೂರೇ ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ವ್ಯಾಟ್‌ಗಾಗಿ ಹಣ ಚೆಲ್ಲುವ ಬದಲು ಪೆಟ್ಟಿಗೆಯನ್ನು ಸರಿಯಾಗಿ ಕಟ್ಟಿ, ಆಂಪ್ಲಿಫೈಯರ್‌ನ ನೆಲತಂತಿಯನ್ನು ಬಣ್ಣ ಕೆರೆದ ಬರಿ ಲೋಹಕ್ಕೆ ಬಿಗಿದು, ಗಡಗಡಿಸುವ ನಂಬರ್ ಪ್ಲೇಟನ್ನು ಭದ್ರಪಡಿಸಿದವನೇ ಒಳ್ಳೆಯ ಸಂಗೀತ ಕೇಳುತ್ತಾನೆ.

ಕಾರಿನೊಳಗೆ ಹುಟ್ಟಿದ ಸದ್ದು ಕಾರಿನೊಳಗೇ ಉಳಿಯುವುದಿಲ್ಲ. ಗೋಡೆ, ಗಾಜುಗಳು ಹೆಚ್ಚು ಕಂಪನದ ದನಿಯನ್ನು ಬಹುಮಟ್ಟಿಗೆ ತಡೆಯುತ್ತವೆ; ಮಂದ್ರ ಅವನ್ನು ಅಲುಗಿಸಿಕೊಂಡೇ ಹಾಯುತ್ತದೆ. ಆದ್ದರಿಂದಲೇ ರಾತ್ರಿ ರಸ್ತೆಯಲ್ಲಿ ಹೋಗುವ ಕಾರಿನ ಹಾಡಿನ ಸಾಹಿತ್ಯ ನಮಗೆ ಕೇಳದಿದ್ದರೂ ಕಿಟಕಿಯ ಗಾಜು ಮಾತ್ರ ನಡುಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ನೆಮ್ಮದಿಯಾಗಿ ಬದುಕುವ ಹಕ್ಕಿನಲ್ಲಿ ಬೇಡದ ಸದ್ದಿನಿಂದ ಮುಕ್ತಿಯೂ ಸೇರಿದೆ ಎಂಬುದನ್ನು ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಆದರೆ ಇಲ್ಲೊಂದು ತೊಡಕಿದೆ. ನಿಯಮಗಳು ಬಳಸುವ 'ಎ' ಮಾಪನ ಮಂದ್ರ ದನಿಯನ್ನು ಬಹಳ ತಗ್ಗಿಸಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 50 ಹರ್ಟ್ಜ್‌ನಲ್ಲಿ ಈ ರಿಯಾಯಿತಿ ಸುಮಾರು 30 ಡೆಸಿಬೆಲ್. ಎಂದರೆ ಕಿಟಕಿಯ ಬಳಿ 75 ಡೆಸಿಬೆಲ್‌ನಷ್ಟು ಶುದ್ಧ ಮಂದ್ರ ಗುಡುಗಿದರೂ ಅಧಿಕಾರಿಯ ಮಾಪಕ 45 ಎಂದೇ ತೋರಿಸೀತು. ಕಾನೂನಿನ ಕಿವಿಗೆ ಸರಿಯಾಗಿ ಕೇಳದ ಈ ಸದ್ದು ಮಲಗಿದ ಕೂಸಿಗೆ, ನಿದ್ದೆ ಬಾರದ ಮುದುಕರಿಗೆ ಕೇಳುತ್ತದೆ. ಅಳತೆಯ ಕ್ರಮವನ್ನು ಪರಿಸರ ಇಲಾಖೆ ಮರುಪರಿಶೀಲಿಸಬೇಕು, ನಿಜ. ಅಲ್ಲಿಯವರೆಗೆ ಮಾಪಕದ ಕೆಲಸವನ್ನು ಕಟ್ಟಿದವನ ಸಂಯಮವೇ ಮಾಡಬೇಕು.

ಸಂಯಮದಿಂದ ಮೊದಲ ಲಾಭ ಅವನಿಗೇ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸು. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತ ಹೋಗಿ ನೂರು ಡೆಸಿಬೆಲ್‌ನಲ್ಲಿ ಹದಿನೈದೇ ನಿಮಿಷಕ್ಕೆ ಇಳಿಯುತ್ತದೆ. ಗಾಜು ಏರಿಸಿದ ಕಾರಿನಲ್ಲಿ ನೂರು ಡೆಸಿಬೆಲ್ ಮುಟ್ಟುವುದು ಕಷ್ಟವೇನಲ್ಲ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಿಂದೆ ಬರುವ ಆಂಬುಲೆನ್ಸಿನ ಸೈರನ್ ಕೇಳದಷ್ಟು ಸದ್ದಿನಲ್ಲಿ ಕಾರು ಓಡಿಸುವವನು ಬೇರೊಬ್ಬರ ಜೀವಕ್ಕೂ ಎರವಾಗಬಲ್ಲ.

ಹಾಗಾದರೆ ಮಾಡಬೇಕಾದ್ದೇನು? ನಿಷೇಧದ ಮಾತು ಸುಲಭ. ಅದರಿಂದ ಈ ಕೆಲಸ ನೆಲಮಾಳಿಗೆಯ ಬೆಳಕಿನಿಂದ ಕತ್ತಲಿಗೆ ಸರಿಯುತ್ತದೆ, ಅಷ್ಟೇ. ತಂತಿ ಮಾರುವ ಅಂಗಡಿಯವರು ಫ್ಯೂಸ್ ಮತ್ತು ಅದರ ಹಿಡಿಕೆಯನ್ನು ಜತೆಗೇ ಕಟ್ಟಿಕೊಡುವ ಪದ್ಧತಿ ಇಟ್ಟುಕೊಳ್ಳಲಿ. ಐಟಿಐ, ಪಾಲಿಟೆಕ್ನಿಕ್‌ಗಳು ತಿಂಗಳಿಗೊಂದು ಶನಿವಾರ ಬಾಗಿಲು ತೆರೆದು ಮನೆಯಲ್ಲಿ ಕಟ್ಟಿದ ವೈರಿಂಗ್ ಪರೀಕ್ಷಿಸಿಕೊಡಲಿ. ಅವರ ವಿದ್ಯಾರ್ಥಿಗಳಿಗೂ ಅದು ಪಾಠ. ಅಪಾರ್ಟ್‌ಮೆಂಟ್ ಸಂಘಗಳು ನೋಟಿಸ್ ಅಂಟಿಸುವ ಮೊದಲು ಒಮ್ಮೆ ಬಾನೆಟ್ ತೆಗೆಸಿ ಫ್ಯೂಸ್ ಎಲ್ಲಿದೆ ಎಂದು ಕೇಳಲಿ. ಕಾರಿನ ಮೂಲ ವೈರಿಂಗ್ ಕತ್ತರಿಸಿದರೆ ವಾರಂಟಿ ಕೈತಪ್ಪಬಹುದೆಂಬ ಎಚ್ಚರ ಕಟ್ಟುವವರಿಗೂ ಇರಲಿ.

ಅಪ್ಪ ಅಮ್ಮಂದಿರು ಮಾಡಬಹುದಾದದ್ದು ಇನ್ನೂ ಸರಳ. ಮಗ ಹಲಗೆ ಹಿಡಿದು ನಿಂತಾಗ ಗದರುವ ಬದಲು ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಬೇಕು: ಬ್ಯಾಟರಿಯ ಪಕ್ಕ ಫ್ಯೂಸ್ ಹಾಕಿದೆಯಾ? ಗಾಜು ಏರಿಸಿದಾಗ ಹೊರಗೆ ಎಷ್ಟು ಕೇಳುತ್ತದೆಂದು ಇಳಿದು ನೋಡಿದೆಯಾ? ಈ ಎರಡಕ್ಕೂ ಉತ್ತರ ಇಟ್ಟುಕೊಂಡವನ ಕೈಯಲ್ಲಿ ಬೆಸುಗೆ ಕಡ್ಡಿ ಇರುವುದಕ್ಕೆ ಯಾರೂ ಅಂಜಬೇಕಿಲ್ಲ.