ಹಿತ್ತಲ ಮಾತು: ಲಿಂಬೆಯ ಬೊಡ್ಡೆಗೆ ನೀರು ತಾಗದಿರಲಿ



ಈ ಸಲ ನನ್ನದೊಂದು ತಪ್ಪನ್ನು ಮೊದಲು ಒಪ್ಪಿಕೊಂಡು ಆಮೇಲೆ ವಿಷಯಕ್ಕೆ ಬರುತ್ತೇನೆ. ಅಥಣಿಯ ನಮ್ಮ ಮನೆಯ ಹಿತ್ತಲಲ್ಲಿ ಅತ್ತೆಯವರು ಹಚ್ಚಿದ ಕಾಗ್ಜಿ ಲಿಂಬೆಯ ಗಿಡವಿತ್ತು. ಓಣಿಯಲ್ಲಿ ಯಾರು ಉಪ್ಪಿನಕಾಯಿ ಹಾಕಲಿ, ಯಾರ ಮನೆಗೆ ಬೀಗರು ಬರಲಿ, ಹಣ್ಣು ನಮ್ಮ ಗಿಡದ್ದೇ. ಅತ್ತೆ ತೀರಿಕೊಂಡ ಮೇಲೆ ಗಿಡ ನನ್ನ ಕೈಗೆ ಬಂತು. ಅವರಿಗಿಂತ ಚೆನ್ನಾಗಿ ನೋಡಿಕೊಳ್ಳಬೇಕೆಂಬ ಹುರುಪು ನನಗೆ! ಬಚ್ಚಲ ನೀರಿಗೆ ಕಾಲುವೆ ತೋಡಿ ಅದರ ಬುಡಕ್ಕೇ ಬಿಟ್ಟೆ. ತಿಪ್ಪೆಗೊಬ್ಬರವನ್ನು ಬೊಡ್ಡೆಗೆ ಒತ್ತಿ ಗುಡ್ಡೆ ಹಾಕಿದೆ. ಎರಡು ಮಳೆಗಾಲ ಕಳೆಯುವುದರೊಳಗೆ ಬೊಡ್ಡೆಯ ತೊಗಟೆ ಬಿರಿದು ಅಂಟು ಸುರಿಯತೊಡಗಿತು. ಎಲೆ ಹಳದಿಯಾದವು, ತುದಿಯ ಟೊಂಗೆ ಒಣಗಿದವು. ನೀರು ಸಾಲದೇನೋ ಎಂದು ಮತ್ತೆರಡು ಕೊಡ ಸುರಿದೆ. ಗಿಡ ಹೋಯಿತು. ಅತ್ತೆ ಹೇಳುತ್ತಿದ್ದ ಮಾತು ಆಗ ನೆನಪಾಯಿತು: "ಗಿಡಕ್ಕ ಬಾಯಿ ಇಲ್ಲವ್ವಾ, ಸಾಕು ಅನ್ನಾಕ ಬರೂದಿಲ್ಲ. ನಾವ ನೋಡಿ ಹಾಕಬೇಕು."

ಇದು ಬುಡಕೊಳೆ ರೋಗ, ಅಂಟು ರೋಗವೆಂದೂ ಅನ್ನುತ್ತಾರೆ. ಮಣ್ಣಿನಲ್ಲಿರುವ ಒಂದು ಜಾತಿಯ ಬೂಷ್ಟು, ನೀರು ನಿಂತಾಗ ಬೊಡ್ಡೆಯನ್ನೂ ಬೇರನ್ನೂ ಹಿಡಿಯುತ್ತದೆ. ನಮ್ಮ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಸೀಮೆಯ ಎರೆ ಮಣ್ಣು ನೀರನ್ನು ಹಿಡಿದರೆ ಬೇಗ ಬಿಡುವುದಿಲ್ಲ. ಅದಕ್ಕೆ ಸಾಬೂನಿನ ನೀರು ಸೇರಿದರೆ ಮಣ್ಣು ಇನ್ನೂ ಸವಳಾಗುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಗಿಡಕ್ಕೆ ಕಬ್ಬಿಣದ ಅಂಶ ದಕ್ಕುತ್ತಿಲ್ಲವೆಂದು ತಿಳಿಯಿರಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ನದಿ ದಂಡೆಯ ನನ್ನ ತವರಿನ ಹಿತ್ತಲಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ನೀರು ಇಳಿದ ಮೇಲೆ ಅಲ್ಲಿಯ ಲಿಂಬೆ ಗಿಡವೂ ಉಳಿಯಲಿಲ್ಲ.

ಅದೇ ನಮ್ಮ ಪಕ್ಕದ ವಿಜಯಪುರ ಜಿಲ್ಲೆಯ ಇಂಡಿಯನ್ನು ನೋಡಿರಿ. ಮಳೆ ಕಡಿಮೆಯ ನಾಡು, ಆದರೂ ಲಿಂಬೆಗೆ ಹೆಸರುವಾಸಿ. 2023ರಲ್ಲಿ ಇಂಡಿ ಲಿಂಬೆಗೆ ಜಿ.ಐ. ಮಾನ್ಯತೆಯೂ ಸಿಕ್ಕಿತು. ಲಿಂಬೆಗೆ ಬೇಕಾದದ್ದು ಬಿಸಿಲು ಮತ್ತು ಹದವಾದ ನೀರು, ಕೆಸರಲ್ಲ.

ಹೊಸ ಗಿಡ ಹಚ್ಚುವವರು ಹೀಗೆ ಮಾಡಿರಿ. ನೆಲಕ್ಕಿಂತ ಒಂದು ಅಡಿ ಎತ್ತರ, ನಾಲ್ಕೈದು ಅಡಿ ಅಗಲದ ದಿಬ್ಬ ಮಾಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಅದರ ಮೇಲೆ ಹಚ್ಚಿರಿ. ಸಸಿ ಚೀಲದಲ್ಲಿ ಎಷ್ಟು ಆಳವಿತ್ತೋ ಅಷ್ಟೇ ಆಳವಿರಲಿ. ಬೊಡ್ಡೆಯ ಸುತ್ತ ಒಂದು ಅಡಿ ಒಣ ಮಣ್ಣಿನ ಏರು ಬಿಟ್ಟು, ಅದರಾಚೆ ದುಂಡಗೆ ಪಾತಿ ಮಾಡಿ ಅಲ್ಲಿ ನೀರು ಹಾಕಿರಿ. ಗಿಡ ಬೆಳೆದಂತೆ ಪಾತಿಯೂ ಹೊರಗೆ ಸರಿಯಲಿ, ಟೊಂಗೆಯ ನೆರಳು ಬೀಳುವ ಅಂಚಿನವರೆಗೆ. ಬೇಸಿಗೆಯಲ್ಲಿ ಪಾತಿಗೆ ಕಬ್ಬಿನ ರವದಿ ಮುಚ್ಚಿದರೆ ತೇವ ಉಳಿಯುತ್ತದೆ, ಬೊಡ್ಡೆಗೆ ಮಾತ್ರ ತಾಗಿಸಬೇಡಿರಿ. ನೀರು ಹಾಕುವ ಮೊದಲು ನಾಲ್ಕು ಬೆರಳು ಆಳ ಕೆದರಿ ಮಣ್ಣು ಹಿಡಿದು ನೋಡಿರಿ. ಉಂಡೆ ಕಟ್ಟಿದರೆ ಆ ದಿನ ನೀರು ಬೇಡ.

ಅಂಟು ಈಗಾಗಲೇ ಕಾಣಿಸಿಕೊಂಡಿದ್ದರೆ ಬೊಡ್ಡೆಯ ಮಣ್ಣು ಸರಿಸಿ, ಕೊಳೆತ ತೊಗಟೆಯನ್ನು ಚೂರಿಯಿಂದ ಕೆರೆದು ತೆಗೆದು ಬೋರ್ಡೋ ಮುಲಾಮು ಹಚ್ಚಿರಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕಲಸಿ, ಆಮೇಲೆ ಕೂಡಿಸಬೇಕು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು. ಮೈಲುತುತ್ತ ವಿಷ. ಆ ಪಾತ್ರೆ ಮತ್ತೆ ಅಡಿಗೆ ಮನೆಗೆ ಬರಬಾರದು, ಮಕ್ಕಳ ಕೈಗೂ ಸಿಗಬಾರದು. ಮಿರಗದ ಮಳೆ ಬೀಳುವ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಹಚ್ಚಿದರೆ ಸಾಕು.

ಇನ್ನು ಹುಳದ ಮಾತು. ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಂಡದ್ದು ಹಿಕ್ಕೆಯಲ್ಲ, ಲಿಂಬೆ ಚಿಟ್ಟೆಯ ಮರಿಹುಳ. ದೊಡ್ಡದಾದಾಗ ಹಸಿರಾಗುತ್ತದೆ. ಕರಿಬೇವನ್ನೂ ಬಿಡುವುದಿಲ್ಲ. ನಾಲ್ಕೈದು ಗಿಡವಿದ್ದವರು ಕೈಯಿಂದಲೇ ಆರಿಸಿ ತೆಗೆಯಬಹುದು. ಎಲೆಯ ಮೇಲೆ ಬೆಳ್ಳನೆಯ ಡೊಂಕು ಗೆರೆ ಬಿದ್ದಿದ್ದರೆ ಅದು ರಂಗೋಲಿ ಹುಳದ ಕೆಲಸ. ಇದಕ್ಕೆ ಬೇವು ಒಳ್ಳೆಯದು. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ ಹಿಂಡಿರಿ. ಚೂರು ಸಾಬೂನು ಕಲಸಿ ಸಂಜೆ ಹೊತ್ತು ಸಿಂಪಡಿಸಿರಿ.

ನಿಪ್ಪಾಣಿಯ ಓದುಗರೊಬ್ಬರು, "ನಮ್ಮಲ್ಲಿ ತಂಬಾಕಿನ ಪುಡಿ ಬೇಕಾದಷ್ಟು ಸಿಗತೈತಿ, ಅದನ್ನ ಕುದಿಸಿ ಹೊಡದ್ರ ಆಗೂದಿಲ್ಲೇನ್ರಿ?" ಎಂದು ಕೇಳಿದ್ದಾರೆ. ಬೇಡ ತಂಗಿ. ಗಿಡದಿಂದ ಬಂದದ್ದೆಲ್ಲ ನಿರಪಾಯವಲ್ಲ. ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ. ಜೇನ್ನೊಣಕ್ಕೂ ಕೇಡು. ಬೇವು ಇರುವಾಗ ಅದರ ಗೊಡವೆ ಯಾಕೆ?

ಅತ್ತೆಯ ಗಿಡ ಹೋದ ಜಾಗ ಬಿಟ್ಟು, ಹಿತ್ತಲ ಎತ್ತರದ ಮೂಲೆಯಲ್ಲಿ ಅದೇ ಗಿಡದ ಹಣ್ಣಿನ ಬೀಜದಿಂದ ಪಕ್ಕದ ಮನೆಯವರು ಎಬ್ಬಿಸಿದ್ದ ಸಸಿಯನ್ನು ಬೇಡಿ ತಂದು ಹಚ್ಚಿದೆ. ಐದನೆಯ ವರ್ಷಕ್ಕೆ ಹೂ ಬಿಟ್ಟಿತು. ಮೊದಲ ಹಣ್ಣುಗಳನ್ನು ಆ ಮನೆಗೇ ಕೊಟ್ಟುಬಂದೆ. ಈಗ ಕೊಡ ಹಿಡಿದು ಹಿತ್ತಲಿಗೆ ಹೋದಾಗಲೆಲ್ಲ ಮೊದಲು ಕೊಡ ಕೆಳಗಿಟ್ಟು ಮಣ್ಣು ಮುಟ್ಟಿ ನೋಡುತ್ತೇನೆ. ಎಷ್ಟೋ ದಿನ ತುಂಬಿದ ಕೊಡ ಹಾಗೆಯೇ ಮರಳಿ ಒಳಗೆ ಬರುತ್ತದೆ.

ಮುಂದಿನ ಸಂಚಿಕೆಯಲ್ಲಿ ಪೇರಲದ ಹಣ್ಣಿಗೆ ಬೀಳುವ ಹುಳದ ಬಗ್ಗೆ ಮಾತಾಡೋಣ.