ರಕ್ತ ನಮ್ಮದು, ಲೆಕ್ಕ ಪರರದು

ಮಾಗಡಿ ಸೀಮೆಯ ಕುದೂರಿನಲ್ಲಿ ನಿಂತು ತಲೆಯೆತ್ತಿದರೆ ಭೈರವದುರ್ಗವು ಕಣ್ಣಿಗೆ ಬೀಳುತ್ತದೆ. ಆ ದುರ್ಗದ ಮಾತೆತ್ತಿದರೆ ಶಾಲೆಯ ಹುಡುಗನೂ ಕೆಂಪೇಗೌಡರ ವಂಶದ ಹೆಸರನ್ನು ಹೇಳಿಯಾನು. ಅದೇ ಹುಡುಗನನ್ನು ಮೊದಲನೆಯ ಮಹಾಯುದ್ಧದ ಕದನಗಳಾವುವು ಎಂದು ಕೇಳಿರಿ: ಮಾರ್ನ್, ವರ್ಡನ್, ಸೋಮ್ ಎಂದು ಪಾಠ ಒಪ್ಪಿಸುವನು. ಹೈಫಾ ಎಂದರೇನು ಎಂದು ಕೇಳಿರಿ: ಹುಡುಗನು ಉಪಾಧ್ಯಾಯರ ಮುಖವನ್ನು ನೋಡುವನು; ಉಪಾಧ್ಯಾಯರು ಕಿಟಕಿಯ ಹೊರಗೆ ನೋಡುವರು. ಈ ತಪ್ಪು ಹುಡುಗನದಲ್ಲ, ಉಪಾಧ್ಯಾಯರೊಬ್ಬರದೂ ಅಲ್ಲ. ತನ್ನವರ ರಕ್ತದ ಲೆಕ್ಕವನ್ನು ಪರರ ಕಡತಕ್ಕೆ ಒಪ್ಪಿಸಿ ನಿಶ್ಚಿಂತೆಯಿಂದ ಕುಳಿತ ಕನ್ನಡ ಜನತೆಯೆಲ್ಲದರ ತಪ್ಪು ಇದು ಎಂದು ನಾವು ಖೇದದಿಂದ ಹೇಳುತ್ತೇವೆ.

ನಡೆದದ್ದೇನು? 1914ರಲ್ಲಿ ಯುದ್ಧವು ಹೊತ್ತಿಕೊಂಡೊಡನೆ ಮೈಸೂರು ಸಂಸ್ಥಾನದ ಕುದುರೆಯ ದಂಡು, ಮೈಸೂರು ಲ್ಯಾನ್ಸರ್ಸ್, ಕಡಲು ದಾಟಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. 1918ರ ಸೆಪ್ಟೆಂಬರ್ 19ರಂದು ಸೇನಾಪತಿ ಅಲೆನ್‌ಬಿಯು ಪ್ಯಾಲೆಸ್ತೀನಿನಲ್ಲಿ ತುರ್ಕಿ ವ್ಯೂಹವನ್ನು ಮುರಿದನು. ಓಡುವ ಶತ್ರುವನ್ನು ಬೆನ್ನಟ್ಟುವ ದಂಡಿಗೆ ದವಸ, ಮದ್ದುಗುಂಡುಗಳನ್ನು ಇಳಿಸಲು ರೇವು ಬೇಕಾಗಿದ್ದಿತು. ಆ ರೇವೇ ಹೈಫಾ. ಒಂದು ಮಗ್ಗುಲಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಮಗ್ಗುಲಿಗೆ ಕಿಶೋನ್ ಹೊಳೆಯ ಕೆಸರು, ನಡುವಣ ಇಕ್ಕಟ್ಟಿನ ದಾರಿಗೆ ಗುರಿಯಿಟ್ಟ ಫಿರಂಗಿಗಳು. ಸೆಪ್ಟೆಂಬರ್ 23ರಂದು ಮೈಸೂರಿನ ಸವಾರರು ಬೆಟ್ಟವನ್ನೇರಿ ಫಿರಂಗಿಗಳ ಬಾಯಿ ಕಟ್ಟತಕ್ಕದ್ದು, ಜೋಧಪುರದವರು ಕೆಳಗಿನಿಂದ ಊರಿಗೆ ನುಗ್ಗತಕ್ಕದ್ದು ಎಂದು ಆಜ್ಞೆಯಾಯಿತು. ಭರ್ಜಿ ಹಿಡಿದ ಸವಾರರು ಮಷೀನ್‌ಗನ್ನುಗಳ ಇದಿರಿಗೆ ಕುದುರೆ ಬಿಟ್ಟರು. ಅಂದೇ ಊರು ಕೈಸೇರಿತು. 1,350 ಮಂದಿ ಸೆರೆಯಾದರು. 17 ಫಿರಂಗಿಗಳೂ 11 ಮಷೀನ್‌ಗನ್ನುಗಳೂ ವಶವಾದವು. ಗೆದ್ದ ಪಕ್ಷದಲ್ಲಿ 8 ಮಂದಿ ಮಡಿದರು, 34 ಮಂದಿ ಗಾಯಗೊಂಡರು. 60 ಕುದುರೆಗಳು ಸತ್ತವು. ಅಕ್ಟೋಬರ್ 26ರಂದು ಅಲೆಪ್ಪೋ ನಗರದ ಆಚೆಯ ಹರಿತಾನಿನಲ್ಲಿ ಮೈಸೂರು, ಜೋಧಪುರಗಳ ಸವಾರರು ಮತ್ತೊಮ್ಮೆ ಮೇಲ್ವಾಯ್ದು ಹೈಫಾದಲ್ಲಿ ತೆತ್ತುದಕ್ಕಿಂತ ಹೆಚ್ಚಿನ ಬೆಲೆಯನ್ನು ತೆತ್ತರು. ನಾಲ್ಕು ದಿನಗಳ ಮೇಲೆ ತುರ್ಕಿಯು ಕದನವಿರಾಮಕ್ಕೆ ಒಪ್ಪಿತು. ಮಹಾಯುದ್ಧವು ಹೈಫಾ ಒಂದರಿಂದಲೇ ತಿರುಗಿತೆಂದು ನಾವು ಹೇಳುವದಿಲ್ಲ. ತಿರುಗಿದ ಗಾಲಿಗೆ ನಮ್ಮವರ ಹೆಗಲೂ ತಗುಲಿದ್ದಿತೆಂದು ಹೇಳುತ್ತೇವೆ.

ಅದು ಆಂಗ್ಲರ ಯುದ್ಧ, ದಾಸರು ಒಡೆಯನಿಗಾಗಿ ಕಾದಿದರೆ ಅದರಲ್ಲಿ ಕೀರ್ತಿಯೇನು ಎಂದು ಕೆಲವರು ಕೇಳುವರು. ಯುದ್ಧವು ಆಂಗ್ಲರದೇ, ಒಪ್ಪಿದೆವು. ಆ ಸೇವೆಗೆ ದೊರೆತ ಸಂಬಳವು 1919ರ ರೌಲಟ್ ಕಾಯಿದೆ ಮತ್ತು ಜಲಿಯನ್‌ವಾಲಾ ಬಾಗ್ ಎಂಬದನ್ನೂ ಮರೆತಿಲ್ಲ. ಆದರೆ ಯುದ್ಧವು ಪರರದಾದ ಮಾತ್ರಕ್ಕೆ ಸಾವು ಪರರದಾಗುವದೇ? ಮಗನನ್ನು ಕಳೆದುಕೊಂಡ ತಾಯಿಯು ಲಂಡನ್ನಿನಲ್ಲಿ ಅತ್ತಳೇ, ಮೈಸೂರು ಸೀಮೆಯಲ್ಲಿ ಅತ್ತಳೇ? ಸಾಮ್ರಾಜ್ಯವನ್ನು ಹಳಿಯಬೇಕಾದರೂ ಅದು ನಮ್ಮಿಂದ ಎಷ್ಟು ಜೀವಗಳನ್ನು ಕೊಂಡಿತೆಂಬ ಲೆಕ್ಕವು ನಮ್ಮ ಕೈಯಲ್ಲಿರಬೇಡವೇ?

ಆ ದಂಡಿನಲ್ಲಿ ಮನೆಮಾತು ಕನ್ನಡವಲ್ಲದವರೂ ಇದ್ದರಲ್ಲ ಎಂದು ಮತ್ತೆ ಕೆಲವರ ಆಕ್ಷೇಪ. ಇದ್ದರು. ದಖನಿ ಮುಸಲ್ಮಾನರಿದ್ದರು, ಮರಾಠರಿದ್ದರು. ತಲೆಮಾರುಗಳಿಂದ ಈ ನೆಲದ ಅನ್ನವನ್ನುಂಡು, ಈ ನೆಲದ ಹೆಸರನ್ನು ಧ್ವಜದ ಮೇಲೆ ಹೊತ್ತು ಕಾದಿದವನನ್ನು ಹೊರಗಿನವನೆನ್ನುವ ಕನ್ನಡತನವು ನಮಗೆ ಬೇಡ.

ನಿಜವಾದ ಕಾರಣವು ಬೇರೆಯೇ ಉಂಟು. ಆ ಎರಡು ಮಹಾಯುದ್ಧಗಳ ಕಾಲದಲ್ಲಿ ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದಿತು. ನಾಡಿಗೆ ಒಂದು ಹೆಸರಿಲ್ಲದಾಗ ನಾಡಿನ ಸಿಪಾಯಿಗೆ ಹೆಸರೆಲ್ಲಿಯದು? ಬೀದರ, ಕಲಬುರ್ಗಿಗಳ ಕನ್ನಡಿಗನೊಬ್ಬನು ಹೈಫಾದ ಬ್ರಿಗೇಡಿನಲ್ಲಿಯೇ ಇದ್ದಿದ್ದರೂ ಹೈದರಾಬಾದಿನ ಸವಾರನೆಂದೇ ಬರೆಯಲ್ಪಡುತ್ತಿದ್ದನು. ಬೆಳಗಾವಿಯಲ್ಲಿ ನೆಲೆನಿಂತ ದಂಡಿನ ಹೆಸರು ಮರಾಠಾ. ಕೊಡಗಿನ ತಿಮ್ಮಯ್ಯನವರು 1945ರಲ್ಲಿ ಬರ್ಮಾದ ಕಾಂಗಾವ್ ಕದನದಲ್ಲಿ ಜಪಾನೀಯರ ವಿರುದ್ಧ ನಡೆಯಿಸಿದ ಪಟಾಲಮು ಹೈದರಾಬಾದ್ ರೆಜಿಮೆಂಟಿನದು. ಅದೇ ವರ್ಷ ಆ ರೆಜಿಮೆಂಟಿಗೆ ಕುಮಾವೂ ಎಂದು ಹೆಸರಾಯಿತು. 1942ರ ಫೆಬ್ರವರಿ 15ರಂದು ಸಿಂಗಾಪುರವು ಬಿದ್ದಾಗ ಸೆರೆಸಿಕ್ಕವರಲ್ಲಿ ಮೈಸೂರಿನ ಪದಾತಿಗಳೂ ಇದ್ದರೆಂಬದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? 1956ರ ನವೆಂಬರ್ 1ರಂದು ನೆಲವು ಒಂದಾಯಿತು. ಲೆಕ್ಕವು ಇನ್ನೂ ಒಂದಾಗಿಲ್ಲ. ಏಕೀಕರಣವೆಂದರೆ ನಕಾಶೆಯ ಗೆರೆಯನ್ನು ತಿದ್ದುವದಷ್ಟೇ ಎಂದು ತಿಳಿದವರು ಅರ್ಧ ಕೆಲಸವನ್ನು ಮಾಡಿ ಮಲಗಿದವರು.

ಸ್ಮಾರಕಗಳೇ ಇಲ್ಲವೆಂದಲ್ಲ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವುಂಟು. ದಿಲ್ಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳುಂಟು, ಒಂದು ಮೈಸೂರಿನದು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಹಳೆಯ ಸಂಸ್ಥಾನಗಳ ಕುದುರೆಯ ದಂಡುಗಳ ಪರಂಪರೆಯನ್ನು ಹೊತ್ತ 61ನೆಯ ಕ್ಯಾವಲ್ರಿಯು ಜೈಪುರದಲ್ಲಿದೆ. ದಿಲ್ಲಿಯು ನೆನೆಯಿತು, ಜೈಪುರವು ನೆನೆಯಿತು. ಸವಾರನು ಹೊರಟ ಹಳ್ಳಿಯು ನೆನೆಯಿತೇ?

ನಮ್ಮ ಹಿರಿಯರು ಹೀಗಿರಲಿಲ್ಲ. ತುರುವನ್ನು ಕಾದು ಮಡಿದವನಿಗೆ ಊರಬಾಗಿಲಲ್ಲಿ ವೀರಗಲ್ಲು ನೆಟ್ಟರು. ಮದ್ದೂರು ಸೀಮೆಯ ಆತಕೂರಿನ ಕಲ್ಲನ್ನು ನೋಡಿರಿ. ಅದೀಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳ ರಾಜಾದಿತ್ಯನು ಬಿದ್ದ ತಕ್ಕೋಲದ ಮಹಾಕದನವನ್ನು ಹೇಳುವ ಆ 949-50ರ ಕಲ್ಲೇ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಹೇಳುತ್ತದೆ. ಸಾವಿರ ವರ್ಷಗಳ ಹಿಂದೆ ನಾಯಿಗೂ ಹೆಸರನ್ನು ಕೊಟ್ಟ ನಾಡು ಇಂದು ತನ್ನ ಮಕ್ಕಳ ಹೆಸರನ್ನು ಹೇಳಲಾರದೇ ನಿಂತಿದೆ!

ಬರಿಯ ಕೊರಗಿನಿಂದ ಫಲವಿಲ್ಲ. ಕುದೂರಿನ ಉಪಾಧ್ಯಾಯರೇ, ಮಾಗಡಿ, ಕನಕಪುರ, ಚನ್ನಪಟ್ಟಣಗಳ ವಾಚಕಬಾಂಧವರೇ, ಮೊದಲು ನಿಮ್ಮ ಊರಿನಲ್ಲಿ ವಿಚಾರಿಸಿರಿ. ಯಾವ ಮನೆಯ ಪೆಟ್ಟಿಗೆಯ ತಳದಲ್ಲಿ ಹಳೆಯ ಪದಕವಿದೆ? ಮೊದಲನೆಯ ಯುದ್ಧದ ಪದಕದ ಅಂಚಿನಲ್ಲಿ ಸಿಪಾಯಿಯ ಹೆಸರು ಕೆತ್ತಿರುವದುಂಟು. ಕಿಲುಬನ್ನು ಒರಸಿ ಓದಿರಿ. ಪಿಂಚಣಿಯ ಕಾಗದ, ಮಾಸಿದ ಚಿತ್ರ, ಅಜ್ಜಿಯ ಬಾಯಿಯ ಮಾತು, ಎಲ್ಲವನ್ನೂ ಶಾಲೆಯ ಒಂದು ಪುಸ್ತಕದಲ್ಲಿ ಬರೆದಿಡಿರಿ. ಹಳೆಯ ಮೈಸೂರು ಸರಕಾರದ ಕಡತಗಳನ್ನು ಕಾಯುತ್ತಿರುವ ರಾಜ್ಯ ಪತ್ರಾಗಾರದಿಂದ ಎರಡೂ ಯುದ್ಧಗಳಲ್ಲಿ ಮಡಿದವರ ಪಟ್ಟಿಯು ಐದೂ ಸೀಮೆಗಳನ್ನು ಕೂಡಿಸಿ ಕನ್ನಡದಲ್ಲಿ ಅಚ್ಚಾಗಲಿ ಎಂದು ಸರಕಾರವನ್ನು ಕೇಳಿರಿ. ಒಮ್ಮೆ ಕೇಳಿ ಸುಮ್ಮನಾಗಬೇಡಿರಿ.

ಈಗಾಗಲೇ ನೂರು ವರ್ಷಗಳು ಸಂದಿವೆ. ನೆನಪಿದ್ದ ಮುದುಕರು ಒಬ್ಬೊಬ್ಬರಾಗಿ ಹೋದರು. ಕೇಳಿಬಲ್ಲ ಮಕ್ಕಳೂ ಮುದುಕರಾದರು. ಇನ್ನೊಂದು ತಲೆಮಾರು ಕಳೆದರೆ ಪದಕವು ಹಿತ್ತಾಳೆಯ ತೂಕಕ್ಕೆ ಹೋಗುವದು, ಹೆಸರು ಗಾಳಿಗೆ ಹೋಗುವದು. ಬರುವ ಸೆಪ್ಟೆಂಬರ್ 23ರಂದು ಕುದೂರಿನ ಶಾಲೆಯಲ್ಲಿ ಹೈಫಾ ಎಂದರೇನು ಎಂದು ಯಾರಾದರೂ ಕೇಳಿದರೆ, ಉಪಾಧ್ಯಾಯರು ಕಿಟಕಿಯ ಹೊರಗೆ ನೋಡದಿರಲಿ.